ಜಮ್ಮಾ ಭೂಮಿಯೂ ಪಿತೃಋಣವೂ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುವನೆಂದು ವೇದವು ಹೇಳುವುದು. ಋಷಿಋಣವು ಅಧ್ಯಯನದಿಂದಲೂ, ದೇವಋಣವು ಯಜ್ಞದಿಂದಲೂ, ಪಿತೃಋಣವು ಸಂತಾನದಿಂದಲೂ ತೀರುವುವು. ಕೊಡವರ ಪೂರ್ವಾಚಾರವನ್ನು ಪರಿಶೀಲಿಸಿದರೆ, ಪಿತೃಋಣಕ್ಕೆ ಸಂತಾನವೊಂದೇ ಸಾಲದು, ಪಿತೃಗಳು ಉತ್ತ ನೆಲವನ್ನು ಉಳುತ್ತಿರುವುದೂ ಅವಶ್ಯವೆಂಬ ಭಾವವು ಅಲ್ಲಿ ಬೇರೂರಿದ್ದುದು ಕಾಣಬರುವುದು.

ಒಬ್ಬ ಮೂಲಪುರುಷನ ಗಂಡುಸಂತತಿಯಲ್ಲಿ ಬಂದವರೆಲ್ಲರೂ ಸೇರಿ ಒಂದು ಒಕ್ಕ. ಅವರ ಮೂಲನಿವಾಸವೇ ಐನ್‌ಮನೆ. ಅದರೊಳಗೆ ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ ಹಿರಿಯರ ದೀಪವು ಬೆಳಗುವುದು. ಹೊರಗೆ ಸಮೀಪದಲ್ಲಿ ಕೈಮಡವೆಂಬ ಚಿಕ್ಕ ಗುಡಿಯಿರುವುದು. ಕಾರೋಣನೆಂದು ಕರೆಯಲ್ಪಡುವ ಮೂಲಪುರುಷನಿಗೆ ಕುಲದವರು ಕೂಡಿ ಅನ್ನ, ಮಾಂಸ, ಮದ್ಯಗಳ ಎಡೆಯನ್ನು ಅರ್ಪಿಸುವರು.

ಈ ಒಕ್ಕಕ್ಕೆ ಆಧಾರವಾದುದು ಜಮ್ಮಾ ಭೂಮಿ. ಜಮ್ಮವೆಂಬುದು ಜನ್ಮ ಶಬ್ದದ ತದ್ಭವ. ಅರಸರ ಕಾಲದಲ್ಲಿ ಈ ಹಿಡುವಳಿದಾರರು ಬೇಕಾದಾಗ ಆಯುಧ ಹಿಡಿದು ಸೇವೆ ಸಲ್ಲಿಸತಕ್ಕದ್ದು. ಅದಕ್ಕೆ ಪ್ರತಿಯಾಗಿ ಸಾಗು ಭೂಮಿಯ ಅರ್ಧದಷ್ಟೇ ಕಂದಾಯ. ಗದ್ದೆಗೆ ಸೇರಿದ ಬಾಣೆಯ ಕಾಡು ಮೇವಿಗೂ ಸೌದೆಗೂ ಸೊಪ್ಪಿನ ಗೊಬ್ಬರಕ್ಕೂ ಒದಗುತ್ತಿದ್ದಿತು. ಪಟ್ಟೆದಾರನ ಹೆಸರಿನಲ್ಲಿದ್ದರೂ ನೆಲವು ಅವನ ಸ್ವಂತವಲ್ಲ, ಇಡೀ ಒಕ್ಕದ್ದು. ಒಬ್ಬನು ತನ್ನಿಚ್ಛೆಯಿಂದ ಅದನ್ನು ಮಾರುವಂತಿರಲಿಲ್ಲ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಮೇಲೆಯೂ ಈ ಪದ್ಧತಿಯು ಅಳಿಯಲಿಲ್ಲ. ಇದರಿಂದ ಬದುಕಿರುವವನು ಒಡೆಯನಲ್ಲ, ಸತ್ತವರಿಗೂ ಹುಟ್ಟಲಿರುವವರಿಗೂ ನಡುವಣ ಕಾವಲುಗಾರನು ಎಂಬ ಅರ್ಥವು ತಾನಾಗಿಯೇ ಹೊರಡುವುದು.

ಈ ಅರ್ಥವು ಕಣ್ಣಿಗೆ ಕಾಣುವುದು ಪುತ್ತರಿಯ ರಾತ್ರಿಯಲ್ಲಿ. ವೃಶ್ಚಿಕ ಮಾಸದ ಹುಣ್ಣಿಮೆಯ ಸುಮಾರಿಗೆ, ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಗೊತ್ತಾದ ಮುಹೂರ್ತಕ್ಕೆ, ಮನೆಮಂದಿಯೆಲ್ಲ ದೀಪ ಹಿಡಿದು ಗದ್ದೆಗೆ ಇಳಿಯುವರು. ಕೋವಿಯ ಸದ್ದಿನೊಡನೆ ಮೊದಲ ಕದಿರು ಕೊಯ್ಯಲ್ಪಡುವುದು. ಸಮೃದ್ಧಿಯಾಗಲೆಂದು ‘ಪೊಲಿ’ ಎಂದು ಕೂಗುವರು. ಅರಳಿ, ಮಾವು ಮೊದಲಾದ ಎಲೆಗಳೊಡನೆ ಕದಿರನ್ನು ಮನೆಗೆ ತಂದು ದೀಪದ ಬಳಿಯಲ್ಲಿಯೂ ಕಂಬ, ಕಣಜಗಳಲ್ಲಿಯೂ ಕಟ್ಟುವರು. ಹೊಸ ಅಕ್ಕಿಯ ಪಾಯಸವಾಗುವುದು; ಕಿರಿಯರು ಹಿರಿಯರ ಪಾದ ಮುಟ್ಟುವರು. ಅಜ್ಜನು ಕಟ್ಟಿದ ಬದುವಿನ ನೀರಿನಿಂದ ಬೆಳೆದ ಕದಿರು ಅಜ್ಜನ ದೀಪದೆಡೆಗೇ ಬರುವುದು.

ಆದರೆ ಕಾಲವು ಬದಲಾಯಿತು. 1854ರಲ್ಲಿ ಮಡಿಕೇರಿಯ ಬಳಿ ಯೂರೋಪಿಯನರ ಕಾಫಿ ತೋಟವು ಆರಂಭವಾದ ಮೇಲೆ ಕ್ರಮೇಣ ಬಾಣೆಗಳು ಕಾಫಿಯ ತೋಟಗಳಾದುವು. ಕಾಫಿಯು ಹಣ ತಂದಿತು. ಭತ್ತವು ಖರ್ಚು ತಂದಿತು. ಕಿರಿಯರು ಸೈನ್ಯಕ್ಕೂ ಪಟ್ಟಣಗಳಿಗೂ ಹೊರಟರು, ಆಳುಗಳು ದುರ್ಲಭವಾದರು, ಆನೆಗಳ ಹಾವಳಿಯೂ ಕೂಡಿತು. ಇಂದು ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಪುತ್ತರಿಗೆ ಜನರು ದೂರದಿಂದ ಐನ್‌ಮನೆಗೆ ಬಂದು ಸೇರುವರು, ದೀಪ ಹಚ್ಚುವರು. ಸ್ವಂತ ಗದ್ದೆಯಲ್ಲಿ ಬೆಳೆಯಿಲ್ಲದವರು ನೆರೆಯವರ ಗದ್ದೆಯಿಂದ ಕದಿರು ತರುವರು.

ಹೊಟ್ಟೆಪಾಡಿಗಾಗಿ ಹೊರಟವರನ್ನು ನಿಂದಿಸುವುದು ನ್ಯಾಯವಲ್ಲ. ನಷ್ಟದ ಬೇಸಾಯವನ್ನು ಭಕ್ತಿಯೊಂದರಿಂದಲೇ ನಡೆಸೆಂದು ಹೇಳುವುದೂ ಸುಲಭದ ಮಾತಲ್ಲ. ಆದರೂ ಒಕ್ಕದವರೆಲ್ಲ ಕೂಡಿ ಒಂದು ಗದ್ದೆಯನ್ನಾದರೂ ನಾಟಿ ಮಾಡಿಸಿದರೆ ದೀಪಕ್ಕೆ ಸ್ವಂತ ಕದಿರು ದೊರೆಯುವುದು. ಕೈಮಡದ ಎಡೆಯು ವರ್ಷಕ್ಕೊಂದು ದಿನದ ಪೂಜೆ. ಗದ್ದೆಯ ಕೆಸರಿನಲ್ಲಿ ಬಗ್ಗಿ ನೆಡುವ ಪ್ರತಿಯೊಂದು ಪೈರೂ ಹಿರಿಯರಿಗೆ ಮಾಡಿದ ನಮಸ್ಕಾರ.