ಮಗುವಿಗೂ ಒಂದು ಪಾಸ್‌ಪೋರ್ಟ್

ಒಂದು ಕಾಲಕ್ಕೆ ಮಗುವಿನ ಹೆಸರು ಹೆತ್ತವರ ಪಾಸ್‌ಪೋರ್ಟಿನಲ್ಲಿ ಒಂದು ಸಾಲಾಗಿ ಇರುತ್ತಿತ್ತು. ಬೆಳೆಯುವ ಮುಖವನ್ನು ಗುರುತಿಸಲು ಆ ಸಾಲು ಸಾಲದು. ಬೇರೆಯಾದ ದಂಪತಿಗಳಲ್ಲಿ ಒಬ್ಬರು ಮಗುವನ್ನು ಗಡಿ ದಾಟಿಸಿದರೆ ತಡೆಯುವುದೂ ಕಷ್ಟ. ಅಂಥ ಪ್ರಕರಣಗಳಿಗಾಗಿಯೇ 1980ರಲ್ಲಿ ಹೇಗ್ ಒಪ್ಪಂದ ರೂಪುಗೊಂಡಿತು. ಬ್ರಿಟನ್ 1998ರಲ್ಲಿ ಹೆತ್ತವರ ಪಾಸ್‌ಪೋರ್ಟಿಗೆ ಹೊಸದಾಗಿ ಮಕ್ಕಳ ಹೆಸರು ಸೇರಿಸುವುದನ್ನು ನಿಲ್ಲಿಸಿತು; ಐರೋಪ್ಯ ಒಕ್ಕೂಟ 2012ರಿಂದ ಪ್ರತಿ ಮಗುವಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಕಡ್ಡಾಯ ಮಾಡಿತು.

ಇದರಿಂದ ಖರ್ಚು, ಓಡಾಟ ಹೆಚ್ಚಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಒಂಟಿ ತಾಯಂದಿರಿಗಂತೂ ತಂದೆಯ ಹೆಸರಿನ ಪ್ರಶ್ನೆಯೇ ದೊಡ್ಡ ಅಡ್ಡಿಯಾಗಿತ್ತು. ಅದಕ್ಕೆ ಪರಿಹಾರ ನಿಯಮವನ್ನು ಸರಳಗೊಳಿಸುವುದೇ ಹೊರತು ಕೈಬಿಡುವುದಲ್ಲ. ಭಾರತ ಆ ದಾರಿ ಹಿಡಿದು, ಅರ್ಜಿಯಲ್ಲಿ ಹೆತ್ತವರಲ್ಲಿ ಒಬ್ಬರ ಹೆಸರಿದ್ದರೆ ಸಾಕೆಂದು 2016ರಲ್ಲಿ ಹೇಳಿತು. ಆದರೆ ಹೇಗ್ ಒಪ್ಪಂದಕ್ಕೆ ನಾವಿನ್ನೂ ಸೇರಿಲ್ಲ. ಮಕ್ಕಳ ಹಿತಕ್ಕಾಗಿ, ಸೇರಬೇಕೇ ಬೇಡವೇ ಎಂಬ ಚರ್ಚೆ ಇತ್ಯರ್ಥವಾಗಲೇಬೇಕು.