ಗೋದಾತೀರದ ಕೈತೋಟ: ಒಂದು ಐತಿಹಾಸಿಕ ನೋಟ

ರಾಜ್ಯೋತ್ಸವದ ಸಂಚಿಕೆಯಲ್ಲಿ ಹಿತ್ತಲ ಕಾಯಿಪಲ್ಲೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಈ ಭಾಗದ ಕನ್ನಡಿಗರು ಒಂದೆಡೆ ಕೂಡಿದಾಗ ವೇರೂಳದ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟ ಒಂದನೆಯ ಕೃಷ್ಣನನ್ನು ನೆನೆಯುವುದೂ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಉತ್ತರದ ಎಲ್ಲೆ ಗೋದಾವರಿಯೆಂದು ಹೇಳಿರುವುದನ್ನು ಎತ್ತಿ ಆಡುವುದೂ ವಾಡಿಕೆಯಾಗಿದೆ. ಅದು ಯೋಗ್ಯವೇ ಸರಿ. ಆದರೆ ಆ ಗೋದಾವರಿಯು ಇಂದು ನಮ್ಮ ಅಡಿಗೆಮನೆಯ ನಳದಲ್ಲಿ ಬರುವ ನೀರೂ ಆಗಿದೆ. ನಾಸಿಕ ನಗರವು ಮುಖ್ಯವಾಗಿ ತನ್ನ ಮೇಲ್ಗಡೆಯ ಗಂಗಾಪುರ ಅಣೆಕಟ್ಟಿನಿಂದಲೂ, ಛತ್ರಪತಿ ಸಂಭಾಜಿನಗರವು ಕೆಳಗಡೆ ಪೈಠಣದ ಬಳಿಯ ಜಾಯಕವಾಡಿಯಿಂದಲೂ ಒಂದೇ ನದಿಯ ನೀರನ್ನು ಪಡೆಯುತ್ತವೆ.

ಬ್ಯಾಂಕಿನ ನೌಕರಿಯ ನಿಮಿತ್ತ ಈ ಎರಡೂ ಊರುಗಳಲ್ಲಿ ವಾಸಮಾಡುವ ಯೋಗ ನನಗೆ ಒದಗಿತು. ಬಾಡಿಗೆ ಮನೆಯ ಹಿಂದೆ ನಾಲ್ಕು ಮಾರು ನೆಲ ಸಿಕ್ಕರೆ ಯಾರಿಗೂ ಮೊದಲು ತೋಚುವ ಪ್ರಶ್ನೆ, ಏನು ನೆಡೋಣ ಎಂಬುದು. ಈ ಎರಡು ನಗರಗಳ ಚರಿತ್ರೆಯನ್ನು ಓದಿದವರಿಗೆ ಇನ್ನೊಂದು ಪ್ರಶ್ನೆ ಅದಕ್ಕೂ ಮೊದಲಿನದೆಂದು ತೋರುತ್ತದೆ: ನೆಟ್ಟದ್ದು ಯಾವ ಬಂಡವಾಳದ ಮೇಲೆ ಬದುಕಬೇಕು? ಅದರ ಮಣ್ಣು ಯಾವುದು, ನೀರು ಯಾರದು?

ಬಂಡವಾಳವೆಂಬ ಶಬ್ದವನ್ನು ವೃತ್ತಿಯ ಚಟದಿಂದ ಆಡಿದೆನೆಂದು ತಿಳಿಯಬಾರದು. ನಾಸಿಕದ ಪಾಂಡವಲೇಣಿಯ ೧೦ನೆಯ ಗುಹೆಯ ಗೋಡೆಯ ಮೇಲೆ ಸುಮಾರು ೧೯೦೦ ವರ್ಷಗಳ ಹಿಂದಿನ ಠೇವಣಿಯ ಲೆಕ್ಕವೊಂದಿದೆ. ಕ್ಷಹರಾತ ನಹಪಾನನ ಅಳಿಯನಾದ ಉಷವದಾತನು ಗುಹೆಯ ಭಿಕ್ಷುಗಳಿಗಾಗಿ ೩೦೦೦ ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಇರಿಸಿದನು. ಅದರಲ್ಲಿ ೨೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, ೧೦೦೦ಕ್ಕೆ ಮುಕ್ಕಾಲರಂತೆ ಬಡ್ಡಿ. ಮಳೆಗಾಲವನ್ನು ಗುಹೆಯಲ್ಲಿ ಕಳೆಯುವ ೨೦ ಭಿಕ್ಷುಗಳಿಗೆ ತಲಾ ೧೨ರಂತೆ ವಸ್ತ್ರದ ಹಣ. ಕೂಡಿಸಿ ನೋಡಿದರೆ ೨೦೦೦ದ ವರ್ಷದ ಬಡ್ಡಿ ೨೪೦. ಇಪ್ಪತ್ತು ಹನ್ನೆರಡಲೆ ೨೪೦. ಲೆಕ್ಕ ಒಂದು ಕಾಸೂ ತಪ್ಪಿಲ್ಲ. ಮೂಲಧನವನ್ನು ಹಿಂದಕ್ಕೆ ಕೊಡತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಉಣ್ಣತಕ್ಕದ್ದು ಎಂಬ ಕರಾರೂ ಅಲ್ಲಿದೆ. ಅದೇ ಬರವಣಿಗೆಯಲ್ಲಿ ಚಿಖಲಪದ್ರವೆಂಬ ಗ್ರಾಮದಲ್ಲಿ ೮೦೦೦ ತೆಂಗುಗಳನ್ನು ದಾನವಿತ್ತ ಮಾತೂ ಬರುತ್ತದೆ. ಹಣವನ್ನೂ ಗಿಡವನ್ನೂ ಆ ಕಾಲದವರು ಒಂದೇ ಬಗೆಯ ನಿಧಿಯೆಂದು ಬಗೆದಿದ್ದರು. ಹಿತ್ತಲನ್ನು ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕಿಲ್ಲ. ಮಣ್ಣು ಮೂಲಧನ, ಕಾಯಿಪಲ್ಲೆ ಬಡ್ಡಿ. ಬಡ್ಡಿಯನ್ನು ಉಣ್ಣಬೇಕು, ಸಿಪ್ಪೆ, ದಂಟು, ಒಣಗಿದ ಎಲೆಗಳನ್ನು ಗೊಬ್ಬರ ಮಾಡಿ ಮೂಲಕ್ಕೆ ಜಮಾ ಕಟ್ಟಬೇಕು.

ಮೊಗಲರ ಆಳಿಕೆಯಲ್ಲಿ ನಾಸಿಕಕ್ಕೆ ಗುಲ್ಶನಾಬಾದ್, ಎಂದರೆ ಹೂದೋಟಗಳ ಊರು, ಎಂಬ ಹೆಸರಿತ್ತು. ಪೇಶ್ವೆಯರ ಕಾಲದಲ್ಲಿ ಹಳೆಯ ಹೆಸರು ಮರಳಿತು. ನದಿಯ ದಡದ ಊರಿಗೆ ಹೂವಿನ ಹೆಸರು ಬಂದುದು ಸೋಜಿಗವಲ್ಲ. ಸೋಜಿಗವನ್ನು ಕಾಣಬೇಕಾದರೆ ಸಂಭಾಜಿನಗರಕ್ಕೆ ಹೋಗಬೇಕು. ಅಲ್ಲಿ ಊರೊಳಗೆ ದೊಡ್ಡ ಹೊಳೆಯಿಲ್ಲ. ಖಾಮ್ ಎಂಬ ಚಿಕ್ಕದೊಂದು ಹರಿಯುತ್ತದೆ. ಆ ನಗರವನ್ನು ೧೬೧೦ರಲ್ಲಿ ಖಡಕಿ ಎಂಬ ಹೆಸರಿನಿಂದ ಕಟ್ಟಿಸಿದವನು ಅಹಮದನಗರದ ನಿಜಾಮಶಾಹಿಯ ಮಂತ್ರಿ ಮಲಿಕ್ ಅಂಬರನು. ಆಫ್ರಿಕದ ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನಿಗೆ ಬಂದು ದೊಡ್ಡವನಾದ ಪುರುಷನೀತ. ಸುತ್ತಲಿನ ಗುಡ್ಡಗಳ ನೀರನ್ನು ನೆಲದೊಳಗಿನ ಕಾಲುವೆಯಿಂದ, ಯಾವ ಯಂತ್ರದ ಸಹಾಯವೂ ಇಲ್ಲದೆ, ಇಳಿಜಾರಿನ ಬಲದಿಂದಲೇ ಊರೊಳಗೆ ತಂದನು. ಅದೇ ನಹರ್-ಎ-ಅಂಬರಿ. ೧೬೫೩ರಲ್ಲಿ ಊರಿಗೆ ಔರಂಗಾಬಾದೆಂಬ ಹೆಸರಾಯಿತು, ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವೆಂದಾಯಿತು. ಈ ನಡುವೆ ಮೊಗಲರ ಕಾಲದಲ್ಲಿ ಇಂಥ ಕಾಲುವೆಗಳು ಇನ್ನೂ ಕೂಡಿಕೊಂಡವು. ಬೀಬಿ ಕಾ ಮಕಬರಾದ ಸುತ್ತಣ ಚೌಕ ತೋಟವೂ ಕಾರಂಜಿಗಳೂ ನೀರಿನ ಇಂಥ ಏರ್ಪಾಡಿನ ಮೇಲೆಯೇ ನಿಂತವು.

ಅಲ್ಲಿಯ ಪನ್‌ಚಕ್ಕಿಯನ್ನು ಪ್ರವಾಸಿಗರು ಬೀಸುವ ಕಲ್ಲನ್ನು ನೋಡಿ ಹಿಂದಿರುಗುತ್ತಾರೆ. ಕೈತೋಟದವನು ನೀರಿನ ದಾರಿಯನ್ನು ನೋಡಬೇಕು. ದೂರದ ಗುಡ್ಡದ ಒರತೆಯಿಂದ ಬಂದ ನೀರು ಎತ್ತರದಿಂದ ಬಿದ್ದು ಹಿಟ್ಟಿನ ಕಲ್ಲನ್ನು ತಿರುಗಿಸುತ್ತಿತ್ತು, ಬಳಿಕ ಕೊಳವನ್ನು ತುಂಬುತ್ತಿತ್ತು. ಆ ಕೊಳದ ತಳವೇ ಕೆಳಗಿನ ಸಭಾಂಗಣಕ್ಕೆ ಚಾವಣಿ. ಬೇಸಗೆಯಲ್ಲಿ ಒಳಗೆ ತಂಪು. ಒಂದೇ ನೀರು ಹೋಗುವ ಮುನ್ನ ಮೂರು ಕೆಲಸ ಮಾಡುತ್ತಿತ್ತು.

ನೀರನ್ನೂ ಗಿಡವನ್ನೂ ಕೂಡಿಯೇ ನೋಡುವ ಈ ಬುದ್ಧಿ ಕನ್ನಡಿಗರಿಗೆ ಹೊಸತಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. ೧೦೨೫ರ ಸುಮಾರಿಗೆ, ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ನೆಲದಡಿಯ ನೀರನ್ನು ಕಂಡುಹಿಡಿಯುವ ವಿಚಾರವಿದೆ, ವೃಕ್ಷಾಯುರ್ವೇದವಿದೆ, ಅಡಿಗೆಯ ಶಾಸ್ತ್ರವೂ ಇದೆ. ಬಾವಿ, ಹಿತ್ತಲು, ಒಲೆ ಇವು ಒಂದೇ ಸಂಸಾರದ ಮೂರು ಅಂಗಗಳೆಂಬುದನ್ನು ಆ ಗ್ರಂಥಕರ್ತನು ಚೆನ್ನಾಗಿ ಬಲ್ಲವನಾಗಿದ್ದನು.

ಇನ್ನು ನೆಡುವ ಗಿಡಗಳು. ಬದನೆ, ಹೀರೆ, ತುಳಸಿ, ಮಲ್ಲಿಗೆ ನಮ್ಮ ದೇಶದವೇ. ಆದರೆ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಇವು ಅಮೆರಿಕ ಖಂಡದ ಮೂಲದವು; ಮೆಣಸಿನಕಾಯಿಯನ್ನು ೧೬ನೆಯ ಶತಮಾನದಲ್ಲಿ ಪೋರ್ತುಗೀಜರು ತಂದರು. ದಸರೆಗೆ ಮಾಲೆ ಕಟ್ಟುವ ಚೆಂಡುಹೂವು ಕೂಡ ಮೆಕ್ಸಿಕೋದ ಕಡೆಯದು. ಬ್ಯಾಡಗಿಯ ಮೆಣಸಿನಕಾಯಿ ಇಲ್ಲದ ಕನ್ನಡದ ಅಡಿಗೆಯನ್ನೂ, ಝೆಂಡುವಿಲ್ಲದ ಮಹಾರಾಷ್ಟ್ರದ ದಸರೆಯನ್ನೂ ಇಂದು ಊಹಿಸುವುದೇ ಕಷ್ಟ. ಹೊರಗಿನಿಂದ ಬಂದವರು ಈ ಮಣ್ಣಿನಲ್ಲಿ ಬೇರೂರಿದ ಬಗೆ ಹೀಗೆ.

ಈಗ ತೊಡಕಿನ ಮಾತಿಗೆ ಬರೋಣ. ೧೯೬೫ರಲ್ಲಿ ಯುದ್ಧವೂ ಧಾನ್ಯದ ಕೊರತೆಯೂ ಕೂಡಿ ಬಂದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ದಿಲ್ಲಿಯ ತಮ್ಮ ನಿವಾಸದ ಹುಲ್ಲುಹಾಸನ್ನು ಉಳಿಸಿ ಧಾನ್ಯ ಬಿತ್ತಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾಯಕವಾಡಿಗೆ ಅಡಿಗಲ್ಲನ್ನಿಟ್ಟವರೂ ಅವರೇ. ೧೯೭೬ರಲ್ಲಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಜಲಾಶಯವಾದ ಮೇಲೂ ಚಿಂತೆ ತೀರಲಿಲ್ಲ. ಮೇಲ್ಗಡೆಯ ನಾಸಿಕ, ಅಹಮದನಗರ ಭಾಗದ ಅಣೆಕಟ್ಟುಗಳಲ್ಲಿ ನೀರು ನಿಂತಷ್ಟೂ ಜಾಯಕವಾಡಿಗೆ ಇಳಿಯುವುದು ಕಡಿಮೆ. ಈ ಜಗಳವು ನ್ಯಾಯಾಲಯದವರೆಗೂ ಹೋಯಿತು. ೨೦೧೪ರಲ್ಲಿ ರಾಜ್ಯದ ಜಲಸಂಪತ್ತು ಪ್ರಾಧಿಕಾರವು ಕೆಳಕ್ಕೆ ನೀರು ಬಿಡುವ ಕ್ರಮವನ್ನು ಗೊತ್ತುಪಡಿಸಬೇಕಾಯಿತು. ೨೦೧೬ರ ಬರದಲ್ಲಿ ಮರಾಠವಾಡದ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರನ್ನು ಒಯ್ದರು. ಸಂಭಾಜಿನಗರದ ಗೃಹಿಣಿಯರು ನಳದ ನೀರಿಗಾಗಿ ದಿನಗಟ್ಟಲೆ ಕಾದುದನ್ನು ಕಣ್ಣಾರೆ ಕಂಡಿದ್ದೇನೆ. ಹೀಗಿರಲು ಮೇಲೂರಿನವನು ಹೂಗಿಡಕ್ಕೆ ಕೊಳವೆ ಹಿಡಿದು ನಿಲ್ಲುವುದು ಕೆಳಗಿನೂರಿನವನ ಕೊಡಕ್ಕೆ ಕೈಹಾಕಿದಂತೆ ಆಗದೆ? ಕಾವೇರಿಯ ವ್ಯಾಜ್ಯವನ್ನು ಕೇಳುತ್ತಲೇ ಬೆಳೆದ ಕನ್ನಡಿಗರಿಗೆ ಈ ಪ್ರಶ್ನೆಯ ತೂಕ ತಿಳಿಯದ್ದಲ್ಲ.

ಇದಕ್ಕೆ ಪನ್‌ಚಕ್ಕಿಯೇ ಉತ್ತರ ಹೇಳುತ್ತದೆ. ೧೦ ಅಡಿ ಉದ್ದ, ೪ ಅಡಿ ಅಗಲದ ಒಂದು ಮಡಿಗೆ ಚಳಿಗಾಲದಲ್ಲಿ ದಿನಕ್ಕೆ ಸುಮಾರು ೧೫ ಲೀಟರ್, ಎಂದರೆ ಒಂದು ಬಕೆಟ್, ನೀರು ಸಾಕು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಕೂಡಿಟ್ಟರೆ ಅದರ ಬಹುಭಾಗ ಅಡಿಗೆಮನೆಯಲ್ಲಿಯೇ ಹುಟ್ಟುತ್ತದೆ. ಆದುದರಿಂದ ಮೊದಲ ವರ್ಷ ಒಂದೇ ಮಡಿ ಸಾಕು. ಬಕೆಟ್ ಎಷ್ಟೋ ಮಡಿಯೂ ಅಷ್ಟೇ. ನಾಲ್ಕೇ ಅಡಿ ಅಗಲವಿದ್ದರೆ ಎರಡು ಬದಿಯಿಂದಲೂ ಕೈ ಎಟುಕುತ್ತದೆ, ಒಳಗೆ ಕಾಲಿಡಬೇಕಾಗುವುದಿಲ್ಲ. ಇಲ್ಲಿಯ ಕರಿಮಣ್ಣು ತೇವದಲ್ಲಿ ಅಂಟಾಗಿ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಸಿಯಿದ್ದಾಗ ಅದನ್ನು ಅಗೆಯಬಾರದು. ಮಡಿಯನ್ನು ಗೇಣೆತ್ತರ ಏರಿಸಿ, ಕಳಿತ ಗೊಬ್ಬರ ಬೆರೆಸಿ, ಮೇಲೆ ಒಣ ಎಲೆ ಹೊದಿಸಿದರೆ ತೇವ ನಿಲ್ಲುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ ಹೀರೆ, ಬೆಂಡೆ; ದಸರೆಯ ಹೂವಿಗಾಗಿ ಜುಲೈಯಲ್ಲಿ ಚೆಂಡುಹೂವು; ಚಳಿಗೆ ಮೆಂತ್ಯ, ಪಾಲಕ, ಕೊತ್ತಂಬರಿ. ಮೆಂತ್ಯವು ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಹೊಸಬರಿಗೆ ಧೈರ್ಯ ಕೊಡುವ ಬೆಳೆ ಅದು.

ವರ್ಗವಾಗಿ ಹೋಗುವ ನಾವು ಪರರ ನೆಲದಲ್ಲಿ ಏಕೆ ದುಡಿಯಬೇಕು ಎಂದು ಕೇಳುವವರುಂಟು. ಉಷವದಾತನ ವಂಶದ ಆಳಿಕೆ ಹೆಚ್ಚು ಕಾಲ ನಡೆಯಲಿಲ್ಲ. ಮಲಿಕ್ ಅಂಬರನು ೧೬೨೬ರಲ್ಲಿ ತೀರಿಕೊಂಡ ಹತ್ತು ವರ್ಷಗಳಲ್ಲಿ ನಿಜಾಮಶಾಹಿಯೇ ಅಳಿಯಿತು. ಅವನ ಕಾಲುವೆಯ ನೀರನ್ನು ಮಾತ್ರ ಬೇರೆ ಬೇರೆ ಅರಸರ ಪ್ರಜೆಗಳು ತಲೆಮಾರುಗಳವರೆಗೆ ಕುಡಿದರು. ನಾವು ಬಿಟ್ಟುಹೋಗುವ ಮಡಿಯಲ್ಲಿ ನಾಳೆ ಬರುವ ಮನೆಯವರು ಮೂರು ವರ್ಷದ ಗೊಬ್ಬರ ತಿಂದ ಮೆತ್ತನೆಯ ಮಣ್ಣನ್ನು ಕಾಣುತ್ತಾರೆ. ಅವರು ಕನ್ನಡದವರೋ ಮರಾಠಿಯವರೋ ಎಂದು ಮೆಂತ್ಯವು ಕೇಳುವುದಿಲ್ಲ.

ನವೆಂಬರದ ಮೊದಲ ವಾರವು ಮೆಂತ್ಯಕ್ಕೆ ಹದವಾದ ಕಾಲ. ಧ್ವಜಾರೋಹಣ ಮುಗಿಸಿ ಮನೆಗೆ ಮರಳಿದ ಬಂಧುಗಳು ಅಂದೇ ಒಂದು ಹಿಡಿ ಬೀಜವನ್ನು ನೆನೆಹಾಕಿ, ಮರುದಿನ ಮಡಿಗೆ ಚೆಲ್ಲಬಹುದು.