ಹಾಡಿನ ಜೊತೆಗೆ ಲೆಕ್ಕವನ್ನೂ ಕೊಟ್ಟವರು

ಮಕ್ಕಳು ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಬೇಸ್‌ಮೆಂಟಿನಲ್ಲಿ ಗಿಟಾರು, ಡ್ರಮ್ಸು ಬಾರಿಸತೊಡಗಿದಾಗ "ಇದೇನು ಗದ್ದಲ, ಓದಿಕೊಳ್ಳಬಾರದೇ?" ಎಂದು ಮೇಲಿನಿಂದ ಕೂಗುವ ತಂದೆತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಆ ಗದ್ದಲಕ್ಕೂ ಒಂದು ಇತಿಹಾಸವಿದೆ. ದೊಡ್ಡ ಕಂಪನಿಗಳ ಬಾಗಿಲಲ್ಲಿ ಕಾಯುವುದನ್ನು ಬಿಟ್ಟು ತಮ್ಮ ಹಾಡನ್ನು ತಾವೇ ಮುದ್ರಿಸಲು ಕಲಿತ, ಕಲಿತದ್ದನ್ನು ಬಚ್ಚಿಡದೆ ಇತರರಿಗೂ ಹೇಳಿಕೊಟ್ಟ ಹುಡುಗರ ಇತಿಹಾಸ ಅದು.

1970ರ ದಶಕದ ನಡುಭಾಗದವರೆಗೂ ಬ್ರಿಟನ್ನಿನಲ್ಲಿ ಒಂದು ರಾಕ್ ತಂಡದ ಹಾಡು ರೆಕಾರ್ಡಾಗಿ ಹೊರಬರಬೇಕಾದರೆ ಇ.ಎಂ.ಐ., ಡೆಕ್ಕಾ ಮುಂತಾದ ಕಂಪನಿಗಳ ಕೃಪಾಕಟಾಕ್ಷ ಬೇಕಾಗಿತ್ತು. ಜಾಜ್ ಮತ್ತು ಜಾನಪದ ಸಂಗೀತಕ್ಕೆ ಸಣ್ಣ ಸಂಸ್ಥೆಗಳು ಮೊದಲೇ ಇದ್ದವು, ನಿಜ. ಆದರೆ ಹಾಡುವವರೇ ಪ್ರಕಾಶಕರೂ ಆಗುವುದು ಅಪರೂಪವಾಗಿತ್ತು. ಲಂಡನ್ನಿನಿಂದ ದೂರದ ಊರುಗಳ ತಂಡಗಳ ಪಾಡಂತೂ ಕೇಳುವುದೇ ಬೇಡ.

ಮ್ಯಾಂಚೆಸ್ಟರಿನ 'ಬಜ಼್‌ಕಾಕ್ಸ್' ತಂಡ ಅಂಥದೊಂದು ತಂಡ. ಹೊವರ್ಡ್ ಡಿವೋಟೊ, ಪೀಟ್ ಶೆಲ್ಲಿ ಮತ್ತು ಅವರ ಸಂಗಡಿಗರು ಸುಮಾರು 500 ಪೌಂಡುಗಳನ್ನು ಸಾಲವಾಗಿ ಕೂಡಿಸಿದರು. ಸಾಲ ಕೊಟ್ಟವರಲ್ಲಿ ಶೆಲ್ಲಿಯ ತಂದೆಯೂ ಒಬ್ಬರು ಎಂಬುದನ್ನು ನಾವು ತಂದೆತಾಯಿಗಳು ಗಮನಿಸಬೇಕು! 1976ರ ಡಿಸೆಂಬರ್ 28ರಂದು ತಮ್ಮ ಊರಿನ ಇಂಡಿಗೋ ಸ್ಟುಡಿಯೋದಲ್ಲಿ ಕೆಲವೇ ಗಂಟೆಗಳಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿದರು. 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಆ ರೆಕಾರ್ಡು 1977ರ ಜನವರಿಯಲ್ಲಿ ಅವರದೇ 'ನ್ಯೂ ಹಾರ್ಮೋನ್ಸ್' ಹೆಸರಿನಲ್ಲಿ ಹೊರಬಂತು. ಮೊದಲು ತೆಗೆಸಿದ್ದು 1000 ಪ್ರತಿ. ಮುಂದೆ ಅದು ಅದರ ಎಷ್ಟೋ ಪಟ್ಟು ಮಾರಾಟವಾಯಿತು. ಮುದ್ರಣದ ಉಸ್ತುವಾರಿ ವಹಿಸಿದ್ದ ಮಾರ್ಟಿನ್ ಹ್ಯಾನೆಟ್ ಆಗಿನ್ನೂ ಕೈ ಪಳಗಿಸಿಕೊಳ್ಳುತ್ತಿದ್ದವರು. 1979ರಲ್ಲಿ 'ಜಾಯ್ ಡಿವಿಷನ್' ತಂಡದ ಮೊದಲ ಆಲ್ಬಂ ರೂಪಿಸಿ ಹೆಸರಾದವರು ಇವರೇ.

ಈ ಹುಡುಗರು ಕಂಡುಕೊಂಡ ಗುಟ್ಟಾದರೂ ಏನು? ಸ್ಟುಡಿಯೋ ಗಂಟೆಯ ಬಾಡಿಗೆಗೆ ಸಿಗುತ್ತದೆ. ಟೇಪಿನ ಧ್ವನಿಯನ್ನು ಮೂಲ ತಟ್ಟೆಯ ಮೇಲೆ ಕೊರೆದುಕೊಡುವವರಿದ್ದಾರೆ. ಅದರಿಂದ ಲೋಹದ ಅಚ್ಚು ಮಾಡಿ ಎಷ್ಟು ಬೇಕೋ ಅಷ್ಟು ಪ್ರತಿ ಒತ್ತಿಕೊಡುವ ಕಾರ್ಖಾನೆಗಳಿವೆ. ನಾವು ಮುದ್ರಣಾಲಯಕ್ಕೆ ಹೋಗಿ ಲಗ್ನಪತ್ರಿಕೆ ಅಚ್ಚು ಹಾಕಿಸುವಂತೆಯೇ ಇದು. ಹೋಗಿ ಕೇಳಿದವರು ಕಡಿಮೆ, ಅಷ್ಟೆ. ರೆಕಾರ್ಡಿನ ಹೊದಿಕೆಯ ಮೇಲೆ, ಯಾವ ಹಾಡು ಎಷ್ಟನೆಯ ಪ್ರಯತ್ನದಲ್ಲಿ ಸಿದ್ಧವಾಯಿತು ಎಂಬುದನ್ನೂ ತಂಡದವರು ಬರೆದಿದ್ದರು. ಹಾಡು ಆಕಾಶದಿಂದ ಇಳಿದದ್ದಲ್ಲ, ಮನುಷ್ಯರು ಕುಳಿತು ಮಾಡಿದ್ದು ಎಂದು ಹೇಳಿದಂತಾಯಿತು.

ಅದೇ 1977ರಲ್ಲಿ ಲಂಡನ್ನಿನ 'ಡೆಸ್ಪರೇಟ್ ಬೈಸಿಕಲ್ಸ್' ತಂಡ 153 ಪೌಂಡುಗಳಲ್ಲಿ 500 ಪ್ರತಿ ಹೊರತಂದಿತು. ಎರಡನೆಯ ಬದಿಗೆ ಬೇರೆ ಅಚ್ಚಿನ ಖರ್ಚೇಕೆಂದು ಎರಡೂ ಬದಿಗೆ ಅವೇ ಎರಡು ಹಾಡುಗಳನ್ನು ಹಾಕಿದರು! ಇದು ಸುಲಭ, ಅಗ್ಗ, ನೀವೂ ಮಾಡಿ ಎಂಬುದೇ ಅವರ ಸಂದೇಶವಾಗಿತ್ತು. 1978ರಲ್ಲಿ 'ಸ್ಕ್ರಿಟ್ಟಿ ಪೊಲಿಟ್ಟಿ' ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಮ್ಮ ಮೊದಲ ರೆಕಾರ್ಡಿನ ಜೆರಾಕ್ಸ್ ಹೊದಿಕೆಯ ಮೇಲೆ ಧ್ವನಿಮುದ್ರಣಕ್ಕೆ ಎಷ್ಟು, ಪ್ರತಿ ಒತ್ತಿಸಲು ಎಷ್ಟು, ಲೇಬಲ್ಲಿಗೆ ಎಷ್ಟು ಎಂದು ಖರ್ಚಿನ ಪಟ್ಟಿಯನ್ನೇ ಅಚ್ಚು ಹಾಕಿಸಿದರು. ಕೆಲಸ ಮಾಡಿಕೊಟ್ಟವರ ವಿಳಾಸಗಳನ್ನೂ ಕೊಟ್ಟರು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ತಿರುಳು ಇರುವುದು ಇಲ್ಲಿಯೇ. ವೈದ್ಯರ ತರಬೇತಿಯಲ್ಲಿ ಒಂದು ಹಳೆಯ ಮಾತಿದೆ: ಒಮ್ಮೆ ನೋಡು, ಒಮ್ಮೆ ಮಾಡು, ಒಮ್ಮೆ ಕಲಿಸು. ಕಲಿಸಿದಾಗಲೇ ವಿದ್ಯೆ ಒಬ್ಬನ ಸ್ವತ್ತಾಗಿ ಉಳಿಯದೆ ಪರಂಪರೆಯಾಗುತ್ತದೆ. ಈ ಹುಡುಗರು ಮಾಡಿದ್ದೂ ಅದನ್ನೇ.

ಅಟ್ಲಾಂಟಿಕ್‌ನ ಈಚೆ ದಡದಲ್ಲೂ ಇಂಥದೇ ಗಾಳಿ ಬೀಸಿತು. ವಾಷಿಂಗ್ಟನ್ನಿನ 'ಟೀನ್ ಐಡಲ್ಸ್' ಎಂಬ ಎಳೆಯರ ತಂಡ 1980ರ ಕೊನೆಯಲ್ಲಿ ಒಡೆದಾಗ ಕಾರ್ಯಕ್ರಮಗಳಿಂದ ಉಳಿಸಿದ್ದ ಹಣವೊಂದಿಷ್ಟು ಇತ್ತು. ಅದನ್ನು ಹಂಚಿಕೊಳ್ಳುವ ಬದಲು, ಡಾನ್ ಜಿಯೆಂಟಾರಾ ಎಂಬುವರು ಮನೆಯಲ್ಲೇ ನಡೆಸುತ್ತಿದ್ದ ಸ್ಟುಡಿಯೋದಲ್ಲಿ ಮುದ್ರಿಸಿದ್ದ ಎಂಟು ಹಾಡುಗಳ ರೆಕಾರ್ಡು ತಂದರು. ಹೊದಿಕೆಗಳನ್ನು ಕತ್ತರಿಸಿ, ಮಡಿಸಿ, ಅಂಟಿಸಿದ್ದು ಅವರೂ ಅವರ ಗೆಳೆಯರೂ. ಇಯಾನ್ ಮೆಕೈ ಮತ್ತು ಜೆಫ್ ನೆಲ್ಸನ್ ಹೀಗೆ ಕಟ್ಟಿದ 'ಡಿಸ್ಕಾರ್ಡ್' ಸಂಸ್ಥೆ ಇಂದಿಗೂ ನಡೆಯುತ್ತಿದೆ. ತಂಡಗಳೊಂದಿಗೆ ಲಿಖಿತ ಕರಾರು ಇಲ್ಲ. ಖರ್ಚು ಕಳೆದು ಉಳಿದದ್ದನ್ನು ಹಂಚಿಕೊಳ್ಳುವುದೇ ಕ್ರಮ.

ಎಲ್ಲವೂ ಸುಗಮವಾಗಿತ್ತೆಂದಲ್ಲ. ರೆಕಾರ್ಡು ಮಾಡುವುದಕ್ಕಿಂತ ಮಾರುವುದು ಕಷ್ಟ. 1976ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ರಫ್ ಟ್ರೇಡ್' ಅಂಗಡಿ ಇಂಥ ರೆಕಾರ್ಡುಗಳನ್ನು ಕೊಂಡು ಊರೂರಿಗೆ ತಲುಪಿಸಿತು. ಆದರೆ 1991ರಲ್ಲಿ ಅದರ ವಿತರಣಾ ವಿಭಾಗ ಕುಸಿದಾಗ ಅದನ್ನೇ ನಂಬಿದ್ದ ಸಣ್ಣ ಸಂಸ್ಥೆಗಳ ಹಣ ಸಿಕ್ಕಿಬಿತ್ತು. ಮರುವರ್ಷ ಮ್ಯಾಂಚೆಸ್ಟರಿನ ಹೆಸರಾಂತ 'ಫ್ಯಾಕ್ಟರಿ' ಸಂಸ್ಥೆಯೂ ದಿವಾಳಿಯಾಯಿತು. ಆದರ್ಶವಿದ್ದರೆ ಸಾಲದು, ಲೆಕ್ಕದ ಪುಸ್ತಕವೂ ಸರಿಯಾಗಿರಬೇಕು ಎಂಬ ಪಾಠವನ್ನು ನಮ್ಮ ಸಂಘಸಂಸ್ಥೆಗಳಿಗೆ ಬೇರೆ ಹೇಳಬೇಕೆ?

ಈ ನಡುವೆ ಕ್ಯಾಸೆಟ್ಟು ದಾರಿಯನ್ನು ಮತ್ತಷ್ಟು ಅಗಲ ಮಾಡಿತು. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಬಂದದ್ದು 1978ರಲ್ಲಿ. ಅಂಥ ಸುರುಳಿಗಳನ್ನು ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಗಳ ನಡುವೆ ತಂದವರು ನಮ್ಮಲ್ಲಿ ಎಷ್ಟು ಜನ! ಮಾರನೆಯ ವರ್ಷ, 1979ರಲ್ಲಿ, ಟಿಯಾಕ್ ಕಂಪನಿಯ 'ಪೋರ್ಟಾಸ್ಟುಡಿಯೋ' ಎಂಬ ಯಂತ್ರ ಬಂತು. ಸಾಧಾರಣ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಧ್ವನಿಗಳನ್ನು ಬೇರೆಬೇರೆಯಾಗಿ ಹಿಡಿದು ಬೆರೆಸಬಹುದಾಯಿತು. ಮಲಗುವ ಕೋಣೆಯೇ ಸ್ಟುಡಿಯೋ ಆಯಿತು. ಇಂದು ಆ ಕೆಲಸವನ್ನು ಮಕ್ಕಳ ಲ್ಯಾಪ್‌ಟಾಪು ಮಾಡುತ್ತದೆ.

ಯಂತ್ರ ಅಗ್ಗವಾಯಿತು, ಮನಸ್ಸು ಮಾಡುವುದಷ್ಟೇ ಬಾಕಿ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ತಮಗೆ ತೋಚಿದ ಕನ್ನಡದಲ್ಲಿ ಕಟ್ಟುವ ಹಾಡನ್ನಾಗಲಿ, ಊರಿನಿಂದ ಬಂದ ಅಜ್ಜಿಯರ ಸೋಬಾನೆ, ಜೋಗುಳಗಳನ್ನಾಗಲಿ ಯಾವ ದೊಡ್ಡ ಕಂಪನಿಯೂ ಹುಡುಕಿಕೊಂಡು ಬಂದು ಮುದ್ರಿಸುವುದಿಲ್ಲ. ಅಜ್ಜಿಯರಂತೂ ಬಹುಕಾಲ ಕಾಯಲಾರರು. ಬೇಸ್‌ಮೆಂಟಿನ ಹುಡುಗರನ್ನೇ ಈ ಕೆಲಸಕ್ಕೆ ಹಚ್ಚೋಣ. ಹಾಡಿನ ಜೊತೆಗೆ ಹೇಗೆ ಮಾಡಿದೆವು, ಎಷ್ಟು ಖರ್ಚಾಯಿತು ಎಂಬುದನ್ನೂ ಬರೆದಿಡೋಣ. ಮುಂದಿನ ಊರಿನ ಕನ್ನಡ ಸಂಘಕ್ಕೆ ಹಾಡಿನಷ್ಟೇ ಆ ಲೆಕ್ಕವೂ ಉಪಯೋಗಕ್ಕೆ ಬಂದೀತು.